ಕೊರಿಯದ ಮನೆಯಲ್ಲಿ ಕನ್ನಡದ ಕಾಗುಣಿತ



ನಮ್ಮ ಅಗಳಿಯಿಂದ ಮಡಕಶಿರಾ ದಾಟಿ ಪೆನುಕೊಂಡೆಯ ಕಡೆಗೆ ಹೋದವರು ಹೆದ್ದಾರಿಯ ಬದಿಯಲ್ಲಿ ಹೊಸ ಲಿಪಿಯ ಬೋರ್ಡುಗಳನ್ನು ನೋಡಿರಬಹುದು. ಗೆರೆ, ಚೌಕ, ಸೊನ್ನೆಗಳನ್ನು ಜೋಡಿಸಿದಂತಿರುವ ಆ ಅಕ್ಷರಗಳು ಕೊರಿಯನ್ನರವು. ಎರ್ರಮಂಚಿಯ ಕಿಯಾ ಕಾರು ಕಾರ್ಖಾನೆ 2019ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾಯಿತು. ಅದರ ಜೊತೆಗೆ ಕೊರಿಯದ ಜನರೂ ಈ ಸೀಮೆಗೆ ಬಂದರು. ಅವರು ಇಲ್ಲಿಗೆ ಬಂದ ಹಾಗೆ ನಮ್ಮವರೂ ಅಲ್ಲಿಗೆ ಹೋಗಿದ್ದಾರೆ. ನನ್ನ ಮಗಳ ಸಂಸಾರ ಅಂಥವುಗಳಲ್ಲಿ ಒಂದು. ಗಂಡ ಹೆಂಡತಿ ಇಬ್ಬರೂ ಪಾಠ ಹೇಳುವವರು. ಅಳಿಯಂದಿರು ಡೇಜಾನ್ ನಗರದ ವಿಶ್ವವಿದ್ಯಾಲಯವೊಂದರಲ್ಲಿ ಭೌತಶಾಸ್ತ್ರ ಹೇಳುತ್ತಾರೆ; ಮಗಳು ಶಾಲೆಯೊಂದರಲ್ಲಿ ಇಂಗ್ಲಿಷಿನ ಸಹಾಯಕ ಶಿಕ್ಷಕಿ. ಅವರು ಅಲ್ಲಿ ಹೇಗೆ ಹೊಂದಿಕೊಂಡರು, ಹೊಂದಿಕೊಳ್ಳುವ ಭರದಲ್ಲಿ ಏನು ಕೈಜಾರುತ್ತಿತ್ತು ಎಂಬುದನ್ನು ನಿಮ್ಮ ಮುಂದೆ ಇಡುತ್ತೇನೆ.

ಮೊದಲ ಕಾಗದದಲ್ಲೇ ಮಗಳು ಬರೆದಿದ್ದಳು, "ಅಪ್ಪಾ, ಇಲ್ಲಿಯೂ ಚಪ್ಪಲಿ ಬಾಗಿಲಲ್ಲೇ ಬಿಡುತ್ತಾರೆ, ನೆಲದ ಮೇಲೇ ಕೂರುತ್ತಾರೆ." ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುವ ಆ ದೇಶದಲ್ಲಿ ನೆಲವನ್ನೇ ಬೆಚ್ಚಗೆ ಮಾಡುತ್ತಾರೆ. ಹಿಂದೆ ಅಡುಗೆ ಒಲೆಯ ಬಿಸಿ ಹೊಗೆಯನ್ನು ನೆಲದ ಕೆಳಗೆ ಹಾಯಿಸುತ್ತಿದ್ದರು. ಈಗ ಬಿಸಿನೀರಿನ ಕೊಳವೆ ಹಾಕುತ್ತಾರೆ. ಹಿರಿಯರಿಗೆ ಏನನ್ನಾದರೂ ಕೊಡುವಾಗ ಎರಡೂ ಕೈಯಲ್ಲಿ ಕೊಡಬೇಕು. ಹಿರಿಯರು ತುತ್ತು ಎತ್ತಿದ ಮೇಲೆಯೇ ಕಿರಿಯರು ಉಣ್ಣಬೇಕು. ಎದುರಿಗೆ ಸಿಕ್ಕವರನ್ನು ಮಾತನಾಡಿಸುವುದೂ ನಮ್ಮಂತೆಯೇ, "ಊಟ ಆಯ್ತಾ?" ಎಂದು. ಮೇಷ್ಟರ ಹೆಸರು ಹಿಡಿದು ಯಾರೂ ಕೂಗುವುದಿಲ್ಲ; ತೆಲುಗಿನ "ಗಾರು" ಇದ್ದ ಹಾಗೆ "ನಿಮ್" ಎಂದು ಕೊನೆಗೆ ಸೇರಿಸಿ ಗೌರವಿಸುತ್ತಾರೆ.

ತೊಡಕಾದದ್ದು ಊಟ ಮತ್ತು ಮಾತು. ಅಲ್ಲಿಯ ಕಿಮ್ಚಿ ನಮ್ಮ ಉಪ್ಪಿನಕಾಯಿಯ ಹಾಗೆ ಎಲೆಯ ಬದಿಗೆ ಇರಲೇಬೇಕಾದ ಪದಾರ್ಥ. ಆದರೆ ಅದಕ್ಕೆ ಸಾಮಾನ್ಯವಾಗಿ ಉಪ್ಪು ಹಾಕಿದ ಸೀಗಡಿಯನ್ನೋ ಮೀನಿನ ರಸವನ್ನೋ ಬೆರೆಸುತ್ತಾರೆ. ನಮ್ಮವರು ಮಾಂಸ ಮೀನು ತಿನ್ನುವವರಲ್ಲ. ಕೊನೆಗೆ ಪಕ್ಕದ ಮನೆಯ ಅಜ್ಜಿಯೇ ಬರೀ ಉಪ್ಪು, ಮೆಣಸಿನ ಪುಡಿಯಲ್ಲಿ ಬೇರೆಯಾಗಿ ಹಾಕಿಕೊಟ್ಟರಂತೆ. ಮಾತಿನ ವಿಷಯದಲ್ಲಿ ಮಗಳು ಒಂದು ಫಜೀತಿ ಮಾಡಿಕೊಂಡಳು. ಅವಳು ಕೊರಿಯನ್ ಕಲಿತದ್ದು ಶಾಲೆಗೆ ಹೋಗುತ್ತಿದ್ದ ತನ್ನ ಮಗನ ಬಾಯಿಂದ. ಅದು ಮಕ್ಕಳು ಮಕ್ಕಳಲ್ಲಿ ಆಡುವ ಏಕವಚನ. ಅದನ್ನೇ ಆ ಅಜ್ಜಿಯ ಎದುರು ಆಡಿಬಿಟ್ಟಳು, ನಾವು ಹಿರಿಯರಿಗೆ "ಬಾರೇ, ಕೂತ್ಕೊಳ್ಳೇ" ಎಂದ ಹಾಗೆ. ಆಕೆ ಮಾತ್ರ ನಕ್ಕು, ಬಹುವಚನ ಹೇಳಿಕೊಟ್ಟರು.

ಹೀಗೆ ನಾಲ್ಕು ವರ್ಷದಲ್ಲಿ ಅವರು ಅಲ್ಲಿಯವರಾದರು. ಮೊಮ್ಮಗನಂತೂ ಪೂರಾ ಅಲ್ಲಿಯವನಾದ. ಕೊರಿಯದ ಮಕ್ಕಳು ತಂದೆಯನ್ನು "ಅಪ್ಪ" ಎಂದೇ ಕೂಗುತ್ತಾರೆ, ತಾಯಿಯನ್ನು "ಒಮ್ಮ" ಎನ್ನುತ್ತಾರೆ. ಇದರಿಂದ ಎರಡು ಭಾಷೆಗಳು ಬಂಧುಗಳು ಎಂದು ಹೇಳಲಾಗದು. ಎಳೆಯ ಬಾಯಿಗೆ ಸುಲಭವಾದ ಇಂಥ ಮಾತುಗಳು ಲೋಕದ ಎಷ್ಟೋ ಭಾಷೆಗಳಲ್ಲಿವೆ. ಆದರೂ ನಮಗೆ ಖುಷಿಯಾಗಿತ್ತು. ಆ ಖುಷಿ ಬಹಳ ದಿನ ಉಳಿಯಲಿಲ್ಲ. ಫೋನಿನಲ್ಲಿ ಅವನು ತನ್ನ ಅಜ್ಜಿಗೆ "ಊಟ ಆಯ್ತಾ?" ಎನ್ನುತ್ತಿದ್ದ, ಮುಂದಿನ ಮಾತು ಬಾರದೆ ಸುಮ್ಮನಾಗುತ್ತಿದ್ದ. ಇವಳು ಫೋನು ಇಟ್ಟು ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಳ್ಳುತ್ತಿದ್ದಳು.

ತಪ್ಪು ಮಗುವಿನದಲ್ಲ, ಅದರ ಮೂಲ ನನ್ನಲ್ಲಿದೆ. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಕೌಂಟರಿನ ಆಚೆ ನಿಂತ ರೈತರು ಕನ್ನಡ ಆಡುತ್ತಿದ್ದರು. ಈಚೆ ಇದ್ದ ಚಲನ್ನುಗಳು ತೆಲುಗು, ಇಂಗ್ಲಿಷಿನಲ್ಲಿರುತ್ತಿದ್ದವು. ಸಾವಿರಾರು ಚಲನ್ ಬರೆದುಕೊಟ್ಟಿದ್ದೇನೆ. ಮನೆಮಾತಿನಿಂದ ಹೊಟ್ಟೆ ತುಂಬದು ಎಂಬ ಲೆಕ್ಕ ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ನಮ್ಮ ಸೀಮೆಯಲ್ಲಿ ಕನ್ನಡ ಶಾಲೆಗಳಿದ್ದರೂ ಮಗಳನ್ನು ಹಿಂದೂಪುರದ ಇಂಗ್ಲಿಷ್ ಶಾಲೆಗೆ ಹಾಕಿದೆ. ಅಲ್ಲಿ ಅವಳು ತೆಲುಗು ಕಲಿತಳು, ಅದು ಒಳ್ಳೆಯದೇ. ಕನ್ನಡ ಅಕ್ಷರವನ್ನು ಮನೆಯಲ್ಲಿ ನಾನು ಕಲಿಸಬೇಕಿತ್ತು, ಕಲಿಸಲಿಲ್ಲ. ಅವಳು ಕಾಗದ ಬರೆಯುವುದು ತೆಲುಗು ಅಕ್ಷರದಲ್ಲಿ ಕನ್ನಡವನ್ನು.

ಅವಳ ಕಣ್ಣು ತೆರೆಸಿದ್ದು ಕೊರಿಯನ್ನರ ಚರಿತ್ರೆಯೇ. ಹಿಂದೆ ಅಲ್ಲಿ ಚೀನೀ ಅಕ್ಷರ ಬಿಟ್ಟರೆ ಬರವಣಿಗೆಯಿಲ್ಲ. ಅದು ಪಂಡಿತರ ಸೊತ್ತು. ಸಾಮಾನ್ಯರೂ ಓದಲೆಂದು ಸೇಜಾಂಗ್ ದೊರೆ 1443ರಲ್ಲಿ 28 ಅಕ್ಷರ ರೂಪಿಸಿ 1446ರಲ್ಲಿ ಸಾರಿದ. 1910ರಿಂದ 1945ರವರೆಗೆ ಜಪಾನ್ ಆಳಿತು. 1938ರ ನಂತರ ಶಾಲೆಗಳಲ್ಲಿ ಕೊರಿಯನ್ ಭಾಷೆ ಮೂಲೆಗುಂಪಾಯಿತು. ನಿಘಂಟು ಕಟ್ಟುತ್ತಿದ್ದ ವಿದ್ವಾಂಸರನ್ನು 1942ರಿಂದ ಹಿಡಿದು ಜೈಲಿಗೆ ಹಾಕಿದರು. ಇಬ್ಬರು ಜೈಲಿನಲ್ಲೇ ತೀರಿಕೊಂಡರು. ಹಸ್ತಪ್ರತಿಯೂ ಜಪ್ತಿಯಾಯಿತು. ಬಿಡುಗಡೆಯಾದ ಮೇಲೆ, 1945ರ ಸೆಪ್ಟೆಂಬರಿನಲ್ಲಿ, ಆ ಕಾಗದದ ಕಟ್ಟುಗಳು ಸೋಲ್ ರೈಲು ನಿಲ್ದಾಣದ ಉಗ್ರಾಣದಲ್ಲಿ ಸಿಕ್ಕವು. 1947ರಲ್ಲಿ ಮೊದಲ ಸಂಪುಟ ಬಂತು, 1957ಕ್ಕೆ ಆರೂ ಮುಗಿದವು. ಅಕ್ಟೋಬರ್ 9 ಅಲ್ಲಿ ಅಕ್ಷರದ ಹಬ್ಬ. ಆ ದಿನ ಶಾಲೆಯಲ್ಲಿ ಸಹೋದ್ಯೋಗಿಯೊಬ್ಬರು ಈ ಕಥೆ ಹೇಳಿ, "ನಿಮ್ಮ ಅಕ್ಷರ ಹೇಗಿರುತ್ತದೆ, ಬರೆದು ತೋರಿಸಿ" ಎಂದರಂತೆ. ಮಗಳು ತನ್ನ ಹೆಸರು ಬರೆಯಲು ಹೋಗಿ ಒತ್ತಕ್ಷರದಲ್ಲಿ ತಡವರಿಸಿದಳು. ನಮ್ಮ ಮಾತನ್ನು ಯಾರೂ ಜಪ್ತಿ ಮಾಡಿರಲಿಲ್ಲ. ನಾವೇ ಉಗ್ರಾಣಕ್ಕೆ ಹಾಕಿದ್ದೆವು.

ಅಂದು ರಾತ್ರಿ ಫೋನು ಬಂತು: "ಅಪ್ಪಾ, ಒಂದನೇ ತರಗತಿಯ ಕನ್ನಡ ಪುಸ್ತಕ ಕಳಿಸು. ಎರಡು ಕಳಿಸು, ನನಗೂ ಒಂದು." ಶಿರಾಕ್ಕೆ ಹೋಗಿ ತಂದು ಕಳಿಸಿದೆ. ಈಗ ಭಾನುವಾರ ಅಲ್ಲಿ ಸಂಜೆಯಾದಾಗ ಪಾಠ. ಅವರ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಮುಂದೆ. ಮೊಮ್ಮಗನಿಗೆ ಕಾಗುಣಿತ ಬೇಗ ಹತ್ತಿತು. ಕೊರಿಯನ್ನಿನಲ್ಲೂ ವ್ಯಂಜನಕ್ಕೆ ಸ್ವರ ಸೇರಿಸಿ ಒಂದು ಕಟ್ಟು ಮಾಡಿಯೇ ಬರೆಯುತ್ತಾರೆ. ಒತ್ತಕ್ಷರ ಮಾತ್ರ ತಾಯಿಗೂ ಮಗನಿಗೂ ಇನ್ನೂ ತೊಡಕು. ಮೊನ್ನೆ ಅವನು "ಅಜ್ಜಿ" ಎಂದು ಬರೆದು ತೋರಿಸಿದ, ಜ ಒತ್ತು ಬಿಟ್ಟು. ನಮ್ಮ ಮನೆಯವಳು ತಿದ್ದಲೇ ಬೇಡಿ ಎಂದಳು. ನಾನು ತಿದ್ದಿದೆ.

ಮಕ್ಕಳು ದೂರ ಹೋಗಲಿ, ಹೋದ ಊರಿನವರಾಗಲಿ, ಅಲ್ಲಿಯ ಮಾತು ಕಲಿಯಲಿ. ಆದರೆ ಪೆಟ್ಟಿಗೆ ಕಟ್ಟುವ ಮುಂಚೆ ಮನೆಯ ಅಕ್ಷರ ಅವರ ಕೈಯಲ್ಲಿದೆಯೇ ಎಂದು ಒಮ್ಮೆ ನೋಡಿಕೊಳ್ಳಿ. ನಾನು ನೋಡಿಕೊಂಡಿರಲಿಲ್ಲ, ಅದಕ್ಕೇ ಹೇಳುತ್ತಿದ್ದೇನೆ.