ಸಮರಮೈತ್ರಿಯೂ ಸಮಾನಧ್ಯೇಯವೂ



ಯುದ್ಧಕಾಲದಲ್ಲಿ ರಾಷ್ಟ್ರಗಳು ಒಂದರ ಕೈಯನ್ನೊಂದು ಹಿಡಿಯುವುದು ಏತಕ್ಕಾಗಿ? ಅವುಗಳ ಧ್ಯೇಯ ಒಂದೇ ಆಗಿರುವುದರಿಂದಲೋ, ಅಥವಾ ಅವುಗಳ ಶತ್ರು ಒಬ್ಬನೇ ಆಗಿರುವುದರಿಂದಲೋ? ಕೌಟಿಲ್ಯನ ಉತ್ತರ ನಿಷ್ಠುರವಾದುದು. ನೆರೆಯ ರಾಜನು ಸಹಜವಾಗಿ ಶತ್ರು. ಆ ಶತ್ರುವಿನಿಂದಾಚೆಗೆ ಇರುವವನು ಸಹಜವಾಗಿ ಮಿತ್ರ. ಎರಡನೆಯ ಮಹಾಯುದ್ಧದ ಚರಿತ್ರೆಯನ್ನು ನೋಡಿದರೆ ಈ ಮಾತು ಬಹುಮಟ್ಟಿಗೆ ದಿಟವೆಂದು ತೋರುತ್ತದೆ. ಆದರೆ ಪೂರ್ತಿಯಾಗಿ ಅಲ್ಲ.

1939ರ ಆಗಸ್ಟ್ 23ರಂದು ಜರ್ಮನಿಯೂ ಸೋವಿಯತ್ ರಷ್ಯಾವೂ ಪರಸ್ಪರ ಆಕ್ರಮಣ ಮಾಡುವುದಿಲ್ಲವೆಂದು ಕರಾರು ಮಾಡಿಕೊಂಡವು. ಮರುತಿಂಗಳಲ್ಲಿಯೇ ಪೋಲೆಂಡು ಪಶ್ಚಿಮದಿಂದ ಒಬ್ಬರಿಗೂ ಪೂರ್ವದಿಂದ ಮತ್ತೊಬ್ಬರಿಗೂ ತುತ್ತಾಯಿತು. 1941ರ ಜೂನ್ 22ರಂದು ಹಿಟ್ಲರನ ಸೇನೆ ರಷ್ಯಾದ ಮೇಲೆಯೇ ಬಿದ್ದಿತು. ದೀರ್ಘಕಾಲದಿಂದ ಕಮ್ಯೂನಿಸ್ಟ್ ಮತದ ಕಡುವಿರೋಧಿಯಾಗಿದ್ದ ಚರ್ಚಿಲ್ಲರು ಅದೇ ರಾತ್ರಿ ರೇಡಿಯೋದಲ್ಲಿ ಮಾತನಾಡಿ, ರಷ್ಯಾಕ್ಕೆ ನೆರವಾಗುವೆವೆಂದು ಸಾರಿದರು. ಜುಲೈ 12ರಂದು ಒಪ್ಪಂದಕ್ಕೆ ರುಜು ಬಿದ್ದಿತು. ಈ ಮೂರು ವಾರಗಳಲ್ಲಿ ಇಬ್ಬರಲ್ಲಿ ಯಾರೊಬ್ಬರ ಧ್ಯೇಯವೂ ಮಾರ್ಪಡಲಿಲ್ಲ. ಇಬ್ಬರಿಗೂ ಒದಗಿದ ಅಪಾಯ ಒಂದಾಯಿತು, ಅಷ್ಟೆ.

ಹಾಗಾದರೆ, ಮಿತ್ರರಾಷ್ಟ್ರಗಳು ಸಾರಿದ ಧ್ಯೇಯವಾಕ್ಯಗಳು ಬರಿಯ ಅಲಂಕಾರವೇ? ಆ ವರ್ಷದ ಆಗಸ್ಟಿನಲ್ಲಿ, ನ್ಯೂಫೌಂಡ್‌ಲೆಂಡಿನ ಕೊಲ್ಲಿಯೊಂದರಲ್ಲಿ ಲಂಗರು ಹಾಕಿದ್ದ ಯುದ್ಧನೌಕೆಗಳ ಮೇಲೆ, ರೂಸ್‌ವೆಲ್ಟರೂ ಚರ್ಚಿಲ್ಲರೂ ಸಂಧಿಸಿದರು. ಅಮೆರಿಕವು ಆಗಿನ್ನೂ ಯುದ್ಧಕ್ಕೆ ಇಳಿದಿರಲಿಲ್ಲ. 14ನೆಯ ತಾರೀಖು ಪ್ರಕಟವಾದ ಅವರ ಹೇಳಿಕೆಯೇ ಅಟ್ಲಾಂಟಿಕ್ ಸನ್ನದು. ಅದರಲ್ಲಿದ್ದುದು ಎಂಟು ಅಂಶಗಳು. ತಾವು ಎಂತಹ ಸರ್ಕಾರದ ಅಧೀನದಲ್ಲಿ ಬಾಳಬೇಕೆಂಬುದನ್ನು ಆರಿಸಿಕೊಳ್ಳುವ ಹಕ್ಕು ಎಲ್ಲ ಜನಾಂಗಗಳಿಗೂ ಉಂಟೆಂಬುದು ಮೂರನೆಯದು. 1942ರ ಜನವರಿ 1ರ ಸಂಯುಕ್ತ ರಾಷ್ಟ್ರಗಳ ಘೋಷಣೆಯಲ್ಲಿ 26 ರಾಷ್ಟ್ರಗಳು ಆ ಸನ್ನದಿನ ತತ್ತ್ವಗಳನ್ನು ಅಂಗೀಕರಿಸಿದವು. ತನ್ನ ಸರ್ಕಾರವನ್ನು ತಾನು ಆರಿಸಿಕೊಳ್ಳಲಾರದಿದ್ದ ಭಾರತದ ಹೆಸರೂ ಆ ಪಟ್ಟಿಯಲ್ಲಿದ್ದಿತು!

ಈ ವಿಪರ್ಯಾಸವು ಯಾರ ಕಣ್ಣಿಗೂ ಮರೆಯಾಗಿರಲಿಲ್ಲ. ಮೂರನೆಯ ಅಂಶವನ್ನು ಬರೆಯುವಾಗ ತಮ್ಮ ಮನಸ್ಸಿನಲ್ಲಿದ್ದುದು ಮುಖ್ಯವಾಗಿ ನಾಜಿಗಳ ನೊಗಕ್ಕೆ ಸಿಕ್ಕಿದ ಯೂರೋಪಿನ ದೇಶಗಳೆಂದು ಚರ್ಚಿಲ್ಲರು 1941ರ ಸೆಪ್ಟೆಂಬರ್ 9ರಂದು ಪಾರ್ಲಿಮೆಂಟಿನಲ್ಲಿ ಹೇಳಿದ್ದರು. ಭಾರತವೂ ಆಫ್ರಿಕವೂ ಶೋಷಣೆಗೆ ಒಳಗಾಗಿರುವವರೆಗೆ ಸ್ವಾತಂತ್ರ್ಯಕ್ಕಾಗಿ ಕಾದುತ್ತಿರುವೆವೆಂಬ ಮಿತ್ರರಾಷ್ಟ್ರಗಳ ಮಾತು ಟೊಳ್ಳಾಗಿ ಕೇಳುವುದೆಂದು ಗಾಂಧೀಜಿಯವರು 1942ರ ಜುಲೈ 1ರಂದು ರೂಸ್‌ವೆಲ್ಟರಿಗೆ ಬರೆದರು. ಮರುವರ್ಷ ದಕ್ಷಿಣ ಆಫ್ರಿಕದ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸು ಅದೇ ಸನ್ನದನ್ನು ಮುಂದಿಟ್ಟುಕೊಂಡು, ಅದರ ಒಂದೊಂದು ಅಂಶವೂ ತನ್ನ ಜನರಿಗೆ ಹೇಗೆ ಅನ್ವಯಿಸುವುದೆಂದು ವಿವರಿಸಿ, ತನ್ನ ಹಕ್ಕುಗಳನ್ನು ಕೇಳಿತು. ಇತ್ತ, 20 ಲಕ್ಷಕ್ಕೂ ಮಿಕ್ಕ ಭಾರತೀಯರು ಆ ಯುದ್ಧದಲ್ಲಿ ಸೇವೆ ಸಲ್ಲಿಸಿದರು. ಕೊಟ್ಟ ಮಾತಿನ ಬೆಲೆಯನ್ನು ಕೇಳುವ ಅಧಿಕಾರ ಅವರ ನಾಡಿಗೆ ಇಲ್ಲದೆ ಇನ್ನಾರಿಗೆ?

ನಮ್ಮ ರಾಮಾಯಣದ ಕಥೆ ಇಲ್ಲಿ ನೆನಪಾಗುತ್ತದೆ. ರಾಮನೂ ಸುಗ್ರೀವನೂ ಅಗ್ನಿಸಾಕ್ಷಿಯಾಗಿ ಸ್ನೇಹವನ್ನು ಮಾಡಿಕೊಂಡರು. ಅವರನ್ನು ಕೂಡಿಸಿದುದು ಇಬ್ಬರ ಸಂಕಟವೇ. ತನ್ನ ಕಾರ್ಯವು ಕೈಗೂಡಿ ಕಿಷ್ಕಿಂಧೆಯ ಸಿಂಹಾಸನವು ಲಭಿಸಿದ ಬಳಿಕ ಸುಗ್ರೀವನು ಭೋಗದಲ್ಲಿ ಮೈಮರೆತನು. ಮಳೆಗಾಲ ಕಳೆದರೂ ಅವನು ಏಳಲಿಲ್ಲ. ಲಕ್ಷ್ಮಣನು ಬಾಗಿಲಿಗೆ ಬಂದು ನಿಂತಾಗಲೇ ಕೊಟ್ಟ ವಚನವು ಅವನಿಗೆ ನೆನಪಾಯಿತು. ಆದರೆ ಅಂದು ಅಗ್ನಿಯ ಮುಂದೆ ವಚನವನ್ನೇ ಕೊಡದಿದ್ದರೆ, ಲಕ್ಷ್ಮಣನು ಯಾವ ಮಾತನ್ನು ಹಿಡಿದು ಕೇಳಬಹುದಾಗಿತ್ತು?

ಮೈತ್ರಿಯನ್ನು ಹುಟ್ಟಿಸುವುದು ಅಪಾಯವೇ ಎಂದು ಒಪ್ಪೋಣ. ಶತ್ರುವು ಬಿದ್ದೊಡನೆ ಅದು ಸಡಿಲುವುದೂ ಸಹಜ. 1945ರ ತರುವಾಯ ರಷ್ಯಾಕ್ಕೂ ಅದರ ಜೊತೆಗಾರರಿಗೂ ಒದಗಿದುದು ಅದೇ ಗತಿ. ಆದರೆ ಮೈತ್ರಿಯ ಹೆಸರಿನಲ್ಲಿ ಬಹಿರಂಗವಾಗಿ ಆಡಿದ ಮಾತು ಮೈತ್ರಿಯೊಡನೆ ಅಳಿಯುವುದಿಲ್ಲ. ಅದು ಆಡಿದವರ ಮೇಲಿನ ಋಣವಾಗಿ ನಿಲ್ಲುತ್ತದೆ. ಆ ಋಣವು ತಾನಾಗಿ ತೀರುವುದೂ ಇಲ್ಲ. ಬಾಗಿಲಿಗೆ ಬಂದು ಕೇಳುವವರಿರಬೇಕು. 1942ರಲ್ಲಿ ಹಾಗೆ ಕೇಳಿದವರು ಮೈತ್ರಿಗೆ ದ್ರೋಹ ಬಗೆದವರಲ್ಲ. ಅದರ ಧ್ಯೇಯವನ್ನು ಅದನ್ನು ಬರೆದವರಿಗಿಂತ ಹೆಚ್ಚಾಗಿ ನಂಬಿದವರು.