ಹಾನಗಲ್ಲಿನ ಹಾಳುಕೋಟೆ



ಇಂಗ್ಲಿಷ್ ಸಾಹಿತ್ಯದ ಪರಿಚಯವುಳ್ಳವರಿಗೆ ಕೋಟೆಯೆಂದೊಡನೆ ಕಣ್ಣೆದುರು ನಿಲ್ಲುವುದು ಬೆಟ್ಟದ ನೆತ್ತಿ, ಮಂಜು ಮುಸುಕಿದ ಬುರುಜು, ಅಗಳಿನ ಮೇಲಣ ಎತ್ತುಸೇತುವೆ. ಸರ್ ವಾಲ್ಟರ್ ಸ್ಕಾಟನು ‘ಐವನ್‌ಹೋ’ ಕಾದಂಬರಿಯಲ್ಲಿ ಬಣ್ಣಿಸಿರುವ ಮುತ್ತಿಗೆಯನ್ನು ನಮ್ಮ ವಿದ್ಯಾರ್ಥಿಗಳು ಕಂಡವರಂತೆ ಹೇಳಬಲ್ಲರು. ಆ ಕಥೆ ನಡೆಯುವುದು ಕ್ರಿ.ಶ. 1194ರಲ್ಲಿ; ಕೋಟೆಯೂ ಕಲ್ಪಿತ, ಮುತ್ತಿಗೆಯೂ ಕಲ್ಪಿತ. ಅದಾದ ಎರಡೇ ವರ್ಷಕ್ಕೆ, 1196ರಲ್ಲಿ, ನಮ್ಮ ಹಾನಗಲ್ಲಿನಲ್ಲಿ ನಿಜವಾಗಿಯೇ ಒಂದು ಮುತ್ತಿಗೆ ನಡೆಯಿತು. ಅದನ್ನು ಬಲ್ಲವರು ನಮ್ಮಲ್ಲಿ ಎಷ್ಟು ಮಂದಿ?

ಅಕ್ಕಿಆಲೂರಿನಿಂದ ಹಾನಗಲ್ಲಿಗೆ ಹೋಗುವವರು ಗದ್ದೆ ಕೆರೆಗಳ ನಡುವೆಯೇ ಸಾಗಬೇಕು. ಇದು ಮಲೆನಾಡಿನ ಸೆರಗು. ಕೋಟೆಗೆ ಒದಗುವ ಗಿರಿಶಿಖರ ಇಲ್ಲಿಲ್ಲ. ಗಿರಿದುರ್ಗ, ವನದುರ್ಗ, ಜಲದುರ್ಗ ಎಂದು ನಮ್ಮ ಪೂರ್ವಿಕರು ಎಣಿಸಿದರಷ್ಟೆ. ಗಿರಿಯಿಲ್ಲದ ಹಾನಗಲ್ಲಿನ ಕದಂಬರು ಅಗಳು ತೋಡಿ ಸುತ್ತುಗೋಟೆಯೆಬ್ಬಿಸಿದರು. ಇಂದು ಉಳಿದಿರುವುದು ಅದರ ಕುರುಹು ಮಾತ್ರ. ಬೆಟ್ಟವಿದ್ದಿದ್ದರೆ ಉಳಿಯುತ್ತಿತ್ತೆ? ಅದೇ 1196ರಲ್ಲಿ ಇಂಗ್ಲೆಂಡಿನ ದೊರೆ ರಿಚರ್ಡನು ಸೀನ್ ನದಿಯ ಮೇಲಣ ಗುಡ್ಡದಲ್ಲಿ ಷಾಟೋ ಗಯ್ಯಾರ್ ಎಂಬ ದುರ್ಗಕ್ಕೆ ಕೈಹಚ್ಚಿದನು. 1204ರಲ್ಲಿ ಅದು ಶತ್ರುವಶವಾಯಿತು!

ಹಾನಗಲ್ಲಿಗೆ ಆಗ ಪಾನುಂಗಲ್ಲೆಂದು ಹೆಸರು. ಪಾನುಂಗಲ್ ಐನೂರಕ್ಕೆ ಅದೇ ರಾಜಧಾನಿ. ಪಾಂಡವರು ಅಜ್ಞಾತವಾಸ ಕಳೆದ ವಿರಾಟನಗರ ಇದೇ ಎಂದು ಊರವರ ನಂಬಿಕೆ. ಕಲಿತವರು ನಗುವುದುಂಟು. ಆದರೆ ಶಾಸನಗಳೂ ಈ ಊರನ್ನು ವಿರಾಟಕೋಟೆಯೆಂದೇ ಕರೆದಿವೆ. ನಂಬಿಕೆ ನಿನ್ನೆ ಮೊನ್ನೆಯದಲ್ಲ.

ವಿಷ್ಣುವರ್ಧನನು ಹಿಂದೊಮ್ಮೆ ಗೆದ್ದಿದ್ದ ಈ ಕೋಟೆಯ ಮೇಲೆ ಅವನ ಮೊಮ್ಮಗ ವೀರಬಲ್ಲಾಳನು ದಂಡೆತ್ತಿ ಬಂದನು. ಊರಿನ ಪಡುವಣ ಆನೆಕೆರೆಯ ಬಳಿ ಬೀಡುಬಿಟ್ಟನು. ಮುತ್ತಿಗೆಯೆಂದರೆ ಬರಿಯ ಬಾಣ ಕತ್ತಿಗಳ ಕಾಳಗವಲ್ಲ; ಆನೆ ಕುದುರೆಗಳ ಹೊಟ್ಟೆಯ ಮಾತೂ ಹೌದು. ದಂಡು ಉಣ್ಣುವುದು ಸುತ್ತಣ ಹಳ್ಳಿಗಳ ಕಣಜದಿಂದ. ಹೆಸರಿನಲ್ಲಿಯೇ ಅಕ್ಕಿಯನ್ನು ಹೊತ್ತಿರುವ ಸೀಮೆಯ ಒಕ್ಕಲುಮಕ್ಕಳಿಗೆ ಆ ವರ್ಷ ಕದಂಬರೇನು, ಹೊಯ್ಸಳರೇನು!

ಕೋಟೆಯೊಳಗಿನವರು ಹೆದರಿ ಕುಳಿತುಕೊಳ್ಳಲಿಲ್ಲ. ಕದಂಬ ಕಾಮದೇವನ ದಂಡನಾಯಕ ಸೋಹಣಿ, ಅವನ ಮಗ ಪದ್ಮಯ್ಯ, ಇಬ್ಬರೂ ಹೊಯ್ಸಳರನ್ನು ಎದುರಿಸಿ ಹಿಮ್ಮೆಟ್ಟಿಸಿದರು. ಮಗನು ಉಳಿದನು, ತಂದೆ ಮಡಿದನು. ಆ ಗೆಲವು ಬಹುಕಾಲ ಬಾಳಲಿಲ್ಲ. ಹೊಯ್ಸಳರ ಒತ್ತಡ ಮತ್ತೆ ಮತ್ತೆ ಬಂದಿತು, ಕಾಮದೇವನೂ ಕಾದುತ್ತಲೇ ಇದ್ದನು.

ಹಾನಗಲ್ಲಿಗೆ ಬರುವ ಯಾತ್ರಿಕರು ತಾರಕೇಶ್ವರ ದೇವಾಲಯದ ಕಮಲದ ಮೇಲ್ಛಾವಣಿಯನ್ನು ಕತ್ತೆತ್ತಿ ನೋಡಿ, ಬೆರಗಾಗಿ, ಬಂಡಿ ಹತ್ತುತ್ತಾರೆ. ಬೆರಗಾಗತಕ್ಕದ್ದೇ, ಅಂತಹ ಕಲ್ಲಿನ ಹೂ ಬೇರೆಡೆ ಅಪರೂಪ. ಆದರೆ ಕತ್ತು ತಗ್ಗಿಸಿ ನೋಡಬೇಕಾದ ವೀರಗಲ್ಲುಗಳೂ ಅಲ್ಲಿವೆ. ವೀರಗಲ್ಲಿನ ಕ್ರಮ ನಿಮಗೆ ತಿಳಿದದ್ದೇ: ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವುದು, ಮೇಲೆ ಶಿವಸನ್ನಿಧಿ. ಅರಸರ ಪ್ರಶಸ್ತಿಯಲ್ಲಿ ಉತ್ಪ್ರೇಕ್ಷೆ ಹೇರಳ; ಇಲ್ಲಿ ಸತ್ತವನ ಮುಖವೇ ಇದೆ. ಕೋಟೆ ನೆಲಸಮವಾದರೂ ಕಾಳಗದ ಚಿತ್ರ ಉಳಿದಿದೆ.

ಸವೆದ ಕಲ್ಲಿನ ಕೆತ್ತನೆ ನಡುಹಗಲಿನಲ್ಲಿ ಕಾಣದು. ಹೋಗುವವರು ಇಳಿಹೊತ್ತಿಗೆ ಹೋಗಲಿ. ಓರೆಬಿಸಿಲು ಬಿದ್ದಾಗ ಕುದುರೆ, ಬಿಲ್ಲು, ಗುರಾಣಿಗಳು ಒಂದೊಂದಾಗಿ ಎದ್ದು ಬರುತ್ತವೆ. ಅದಾದ ಮೇಲೆ ಆನೆಕೆರೆಯ ಏರಿಗೂ ಒಮ್ಮೆ ಹೋಗಿ ನಿಲ್ಲಿ. ಬಲ್ಲಾಳನ ಬೀಡು ಇದ್ದದ್ದು ಆ ಕಡೆಗೇ.