ಅಕ್ಕಿಯ ತಟ್ಟೆಯಲ್ಲಿ ಬರೆದ ಹೆಸರು



ಮದುವೆಯಾಗಿ ಪುಣೆಗೆ ಬಂದಾಗ ನನ್ನ ಹೆಸರಿನ ಮುಂದೆ ಎರಡು ಇನಿಷಿಯಲ್ ಇದ್ದವು. ಹೆಚ್ ಅಂದರೆ ಹಾಸನ, ಎಸ್ ಅಂದರೆ ಅಪ್ಪ. ಬ್ಯಾಂಕಿನ ಫಾರಂನಲ್ಲಿ ಹೆಸರು, ಗಂಡನ ಹೆಸರು, ಆಡನಾವ ಎಂದು ಮೂರು ಖಾನೆ. ಆಡನಾವ ಇಲ್ಲ ಅಂದೆ. "ಹಾಗಾದರೆ ಹಾಸನಕರ್ ಅಂತ ಬರೆಯಿರಿ" ಅಂದರು! ಧಾರವಾಡದ ಕಡೆಯವರಿಗೆ ಈ ಪಾಡಿಲ್ಲ, ಅವರಿಗೆ ಅಡ್ಡಹೆಸರು ಉಂಟು.

ನನ್ನವರು ಮರಾಠಿಗರು. ಅವರಲ್ಲಿ ತಟ್ಟೆಯಲ್ಲಿ ಅಕ್ಕಿ ಹರಡಿ, ಉಂಗುರದಿಂದ ಸೊಸೆಯ ಹೊಸ ಹೆಸರು ಬರೆಯುವ ಪದ್ಧತಿ ಇದೆ. ನನ್ನವರು ನನ್ನ ಹೆಸರನ್ನೇ ಬರೆದರು. ಅತ್ತೆ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ದಿನ ಭಾಕರಿ ತಟ್ಟುತ್ತಾ ತಮ್ಮ ತವರಿನ ಹೆಸರು ಹೇಳಿದರು. ಹಾಗೆ ಕರೆಯುತ್ತಿದ್ದ ಅಣ್ಣ ತೀರಿಕೊಂಡ ಮೇಲೆ ಅದನ್ನು ಕೇಳಿಯೇ ಇಲ್ಲ ಅಂದರು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಸೊಸೆ ಅತ್ತೆಯನ್ನು ಹೆಸರು ಹಿಡಿದು ಕರೆಯುವುದುಂಟೇ?

ಮದುವೆಯಾದವಳು ಹೆಸರು ಬದಲಿಸಲೇಬೇಕೆಂಬ ಕಾನೂನು ನಮ್ಮಲ್ಲಿಲ್ಲ. ಬದಲಿಸುವವರು ಖುಷಿಯಿಂದ ಬದಲಿಸಲಿ. ಆಧಾರ್, ಪ್ಯಾನ್, ಪಾಸ್‌ಬುಕ್ ಎಲ್ಲದರಲ್ಲೂ ಕಾಗುಣಿತ ಒಂದೇ ಇರಲಿ, ಅಷ್ಟೇ. ಇಲ್ಲದಿದ್ದರೆ ಅಲೆದಾಟ ತಪ್ಪಿದ್ದಲ್ಲ.

2024ರ ಮೇ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಮಹಾರಾಷ್ಟ್ರ ಸರ್ಕಾರ ಹೊಸ ಕ್ರಮ ತಂದಿದೆ: ಮಗುವಿನ ಹೆಸರು, ತಾಯಿಯ ಹೆಸರು, ತಂದೆಯ ಹೆಸರು, ಆಮೇಲೆ ಆಡನಾವ. ನನ್ನ ಮಗಳು ಅದಕ್ಕೆ ಮೊದಲೇ ಹುಟ್ಟಿದವಳು, ಅವಳ ಹೆಸರಿನ ನಡುವೆ ನಾನಿಲ್ಲ. ಆದರೆ ಅವಳ ಹೆಸರು ಅತ್ತೆಯ ತವರಿನ ಹೆಸರೇ. ಅಜ್ಜಿ ದಿನಕ್ಕೆ ಹತ್ತು ಸಲ ಕೂಗಿ ಕರೆಯುತ್ತಾರೆ.